ಅರವತ್ತು ಸಪ್ಪೆ ಸೋಮವಾರ

ನನ್ನ ಹೆಸರು ಇಂದುಮತಿ. ಆದರೆ ಊರಲ್ಲಿ ಯಾರನ್ನಾದರೂ ನಿಲ್ಲಿಸಿ ಇಂದುಮತಿಯವರ ಮನೆ ಎಲ್ಲಿ ಎಂದು ಕೇಳಿ ನೋಡಿ, ಪಿಳಿಪಿಳಿ ಕಣ್ಣು ಬಿಡುತ್ತಾರೆ. ಪಟ್ಟಿ ಮೇಡಂ ಮನೆ ಅನ್ನಿ, ಬಾಗಿಲವರೆಗೂ ಬಂದು ಬಿಟ್ಟು ಹೋಗುತ್ತಾರೆ. ಮೊದಮೊದಲು ಈ ಹೆಸರನ್ನು ವಿದ್ಯಾರ್ಥಿಗಳು ನನ್ನ ಬೆನ್ನ ಹಿಂದೆ ಹೇಳಿ ನಗುತ್ತಿದ್ದರು. ಈಗ ಮುಖದ ಮೇಲೇ ಹೇಳುತ್ತಾರೆ, ನಾನೂ ಓಗೊಡುತ್ತೇನೆ.

ನಮ್ಮೂರ ಕಾನೂನು ಕಾಲೇಜಿನಲ್ಲಿ ಮೂವತ್ನಾಲ್ಕು ವರ್ಷ ಒಂದೇ ವಿಷಯ ಪಾಠ ಮಾಡಿದವಳು ನಾನು. ತಪ್ಪು ಸಾಬೀತಾಯಿತು, ಸರಿ. ಇನ್ನು ಶಿಕ್ಷೆ ಎಷ್ಟು? ಅದನ್ನು ಗೊತ್ತು ಮಾಡುವ ಜಡ್ಜಿಗೆ ಸ್ವಂತ ವಿವೇಚನೆ ಎಷ್ಟಿರಬೇಕು? ಇಷ್ಟೇ ನನ್ನ ವಿಷಯ. ಇರಲೇಬಾರದು ಎನ್ನುವುದು ನನ್ನ ವಾದವಾಗಿತ್ತು. ಜಡ್ಜಿಗೆ ವಿವೇಚನೆ ಕೊಡುವುದೂ ಒಂದೇ, ಗಾಳಿಗೆ ಬಾಗಿಲು ತೆರೆದಿಟ್ಟು ದೀಪ ಹಚ್ಚುವುದೂ ಒಂದೇ ಎಂದು ತರಗತಿಯಲ್ಲಿ ಮೇಜು ಕುಟ್ಟಿ ಹೇಳುತ್ತಿದ್ದೆ. ಮೇಜಿನ ಆ ಮೂಲೆ ಈಗಲೂ ಸ್ವಲ್ಪ ಅಲುಗಾಡುತ್ತದೆ.

ನಮ್ಮಲ್ಲಿ ಸಣ್ಣಪುಟ್ಟ ಅಪರಾಧಕ್ಕೆ ಜೈಲಿಲ್ಲ. ಜಡ್ಜ್ ಸಾಹೇಬರು ಇಷ್ಟು ದಿನ ಎಂದು ಹೇಳಿ, ತೀರ್ಪಿಗೆ ಸಹಿ ಹಾಕಿ, ಪೆನ್ನಿನ ಕ್ಯಾಪು ಮುಚ್ಚುತ್ತಾರೆ. ಮುಚ್ಚಿದ ಕೂಡಲೇ ಅಪರಾಧಿಯ ನಾಲಗೆಯಿಂದ ಉಪ್ಪಿನ ರುಚಿ ಹೊರಟುಹೋಗುತ್ತದೆ. ಹುಳಿ, ಖಾರ, ಸಿಹಿ ಎಲ್ಲ ಇರುತ್ತವೆ, ಉಪ್ಪೊಂದು ಇರುವುದಿಲ್ಲ. ಇದನ್ನು ನಾವು ಸಪ್ಪೆ ಎನ್ನುತ್ತೇವೆ. ಕೋರ್ಟಿನ ಬಾಗಿಲಲ್ಲಿ ಅಮೀನ ಉಪ್ಪು ಹಚ್ಚಿದ ನೆಲ್ಲಿಕಾಯಿ ಚೂರುಗಳ ಬಟ್ಟಲು ಹಿಡಿದು ನಿಂತಿರುತ್ತಾನೆ. ಒಂದು ಚೂರು ಬಾಯಿಗೆ ಹಾಕಿಸಿ, "ಹೋಯ್ತಾ?" ಎಂದು ಕೇಳುತ್ತಾನೆ. "ಹೋಯ್ತು ಸ್ವಾಮಿ" ಎಂದರೆ ರಿಜಿಸ್ಟರಿನಲ್ಲಿ ಸಹಿ ಹಾಕಿ ಮನೆಗೆ ಹೋಗಬಹುದು.

ಊರು ಇದಕ್ಕೆ ಒಗ್ಗಿಕೊಂಡಿದೆ. ಹೋಟೆಲಿಗೆ ಹೋದರೆ, "ಮೂರನೇ ಟೇಬಲ್ಲಿಗೆ ಸಪ್ಪೆ ದೋಸೆ ಒಂದು, ಖಾರದ ಚಟ್ನಿ ಮುಂದಾಗಿ" ಎಂದು ಸಪ್ಲೈಯರ್ ಕೂಗುವುದು ಕೇಳಿಸುತ್ತದೆ, ಯಾರೂ ತಿರುಗಿ ನೋಡುವುದಿಲ್ಲ. ಸಂಬಂಧ ಕುದುರಿಸುವಾಗ ಅಜ್ಜಿಯರು, "ಹುಡುಗ ಎಷ್ಟು ದಿನ ಸಪ್ಪೆ ಉಂಡವನೆ?" ಎಂದು ಕೇಳಿಯೇ ಕೇಳುತ್ತಾರೆ. ಒಂದು ದಿನವೂ ಉಂಡಿಲ್ಲ ಎಂದರೆ ಅಷ್ಟೊಂದು ನಂಬುವುದೂ ಇಲ್ಲ. ಶಿಕ್ಷೆ ಮುಗಿಯುವ ಬೆಳಿಗ್ಗೆ ಅಕ್ಕಪಕ್ಕದವರು ಮಾವಿನಕಾಯಿ ಹೋಳಿಗೆ ಉಪ್ಪುಖಾರ ಸವರಿಕೊಂಡು ಬಂದು ಜಗಲಿಯ ಮೇಲೆ ಕೂರುತ್ತಾರೆ. ಹೋಳು ಕಚ್ಚಿ ಕಣ್ಣೀರು ಹಾಕದ ಗಂಡಸನ್ನು ನಾನು ಕಂಡಿಲ್ಲ.

ಆದರೆ ಅಡುಗೆ ಮಾಡಿ ಬದುಕುವವರಿಗೆ ಇದು ತಮಾಷೆಯಲ್ಲ. ಸಪ್ಪೆಯಲ್ಲಿರುವವರು ಹತ್ತು ಮಂದಿಗೆ ಬಡಿಸುವ ಒಲೆ ಮುಂದೆ ನಿಲ್ಲುವಂತಿಲ್ಲ. ಅದು ಕಾನೂನಲ್ಲ, ಊರವರ ನಾಲಗೆಯ ಕಟ್ಟಳೆ.

ನಾನು ಪಟ್ಟಿಯ ಹುಚ್ಚು ಹಿಡಿಸಿಕೊಂಡದ್ದು ಒಂದು ಹಲಸಿನ ಹಣ್ಣಿನಿಂದ. ಆಗ ನನಗೆ ಇಪ್ಪತ್ತೆಂಟು. ಮರಿಸ್ವಾಮಿ, ಹೊಂಬಯ್ಯ ಎಂಬ ಇಬ್ಬರು ಸೇರಿ ಒಂದೇ ಹಣ್ಣು ಕದ್ದು, ಒಂದೇ ಮರದ ಕೆಳಗೆ ಕೂತು, ಒಟ್ಟಿಗೆ ತಿಂದು, ಒಟ್ಟಿಗೆ ಸಿಕ್ಕಿಬಿದ್ದಿದ್ದರು. ಜಡ್ಜ್ ಭುಜಬಲಯ್ಯನವರು ಹೊಂಬಯ್ಯನಿಗೆ ಹನ್ನೊಂದು ದಿನ ಕೊಟ್ಟರು, ಮರಿಸ್ವಾಮಿಗೆ ನಲವತ್ತು. ನನ್ನ ಮೈಯೆಲ್ಲ ಉರಿದುಹೋಯಿತು. ಈ ಭುಜಬಲಯ್ಯ ನನ್ನ ಸಹಪಾಠಿ, ನನ್ನ ನೋಟ್ಸು ಓದಿ ಪಾಸಾದ ಮನುಷ್ಯ! ಅದೂ ಅಲ್ಲದೆ ಶಿಕ್ಷೆ ಹೇಳುವ ಮುಂಚೆ ಆತ ಕೇಳಿದ ಪ್ರಶ್ನೆಗಳನ್ನಾದರೂ ನೋಡಿ. "ಮನೇಲಿ ಅಡುಗೆ ಯಾರು ಮಾಡ್ತಾರಪ್ಪ? ನೀನು ಯಾರ ಜೊತೆ ಕೂತು ಉಣ್ತೀಯ?" ಕದ್ದವನನ್ನು ಕೇಳುವ ಪ್ರಶ್ನೆಯೇ ಇದು? ನಾನು ನೋಟ್‌ಬುಕ್ಕಿನಲ್ಲಿ ಅಪರಾಧ, ದಿನ ಎರಡನ್ನೂ ಬರೆದುಕೊಂಡು, ಆ ಪ್ರಶ್ನೋತ್ತರವನ್ನು ಅಂಚಿನಲ್ಲಿ ಸಣ್ಣಗೆ ಗೀಚಿ, ಪಕ್ಕದಲ್ಲಿ 'ಅಸಂಬದ್ಧ' ಎಂದು ಬರೆದೆ.

ಆಮೇಲೆ ಪ್ರತಿ ಮಂಗಳವಾರ, ಶುಕ್ರವಾರ ಕೋರ್ಟಿನ ಮೂರನೇ ಬೆಂಚು ನನ್ನದಾಯಿತು. ನಮ್ಮೂರಲ್ಲಿ ಜಡ್ಜಿಗೆ ನಿವೃತ್ತಿಯಿಲ್ಲ, ಹಾಗಾಗಿ ಭುಜಬಲಯ್ಯನವರೂ ಹೋಗಲಿಲ್ಲ, ನಾನೂ ಬಿಡಲಿಲ್ಲ. ಅರವತ್ತೇಳು ನೋಟ್‌ಬುಕ್ಕು ತುಂಬಿದವು. ಮದುವೆಯಾಗಲು ಪುರುಸೊತ್ತಾಗಲಿಲ್ಲ, ನಿಜ ಹೇಳಬೇಕೆಂದರೆ ಮನಸ್ಸೂ ಆಗಲಿಲ್ಲ. ಆ ನೋಟ್‌ಬುಕ್ಕುಗಳನ್ನು ಹಿಂಡಿ ಕೊನೆಗೆ ಒಂದು ಪಟ್ಟಿ ಮಾಡಿದೆ. ಎಡಗಡೆ ಅಪರಾಧ, ಬಲಗಡೆ ದಿನ. ಯಾರೇ ಮಾಡಲಿ, ಯಾವ ಜಡ್ಜೇ ಇರಲಿ, ಲೆಕ್ಕ ಒಂದೇ. ನಾನು ನಿವೃತ್ತಳಾದ ವರ್ಷ ಪುರಸಭೆ ಅದನ್ನು ಒಪ್ಪಿ, ಜೂನ್ ಒಂದರಿಂದ ಜಾರಿ ಎಂದು ಠರಾವು ಮಾಡಿತು. ಖುಷಿಗೆ ನಾನು ಬೀದಿಯಲ್ಲಿ ನಿಂತು ಅತ್ತುಬಿಟ್ಟೆ. ಅವಮಾನವೇನಿಲ್ಲ, ಅತ್ತೆ.

ಇಷ್ಟೂ ವರ್ಷ ನನ್ನ ಹೊಟ್ಟೆ ನೋಡಿಕೊಂಡವಳು ಸಣ್ಣತಾಯಮ್ಮ, ಕಾಲೇಜಿನ ಮೆಸ್ಸಿನ ಅಡುಗೆಯವಳು. ನನಗೆ ಅಡುಗೆ ಬರುವುದಿಲ್ಲ. ಬರುವುದಿಲ್ಲ ಎಂದರೆ ಹಾಲು ಕಾಯಿಸಿದರೂ ಮನೆಯೆಲ್ಲ ಹೊಗೆ. ಆಕೆಯ ನುಗ್ಗೆಕಾಯಿ ಹುಳಿಗೆ ಜಿಲ್ಲಾ ಕಚೇರಿಯವರೂ ನೆಪ ಮಾಡಿಕೊಂಡು ಬರುತ್ತಿದ್ದರು. ಗಂಡ ತೀರಿಕೊಂಡ ಮೇಲೆ ಆ ಮೆಸ್ಸೇ ಅವಳ ಬದುಕು. ಇನ್ನೂರು ಹುಡುಗ ಹುಡುಗಿಯರು ಅವಳನ್ನು ಅವ್ವ ಎನ್ನುತ್ತಿದ್ದರು.

ಮೇ ತಿಂಗಳ ಕೊನೆಯ ವಾರ ಅವಳು ಒಂದು ಕೆಲಸ ಮಾಡಿದಳು. ಹೊಸದಾಗಿ ಬಂದ ಆರೋಗ್ಯ ಇನ್‌ಸ್ಪೆಕ್ಟರ್ ಗುಂಡಪ್ಪಾಜಿ ಮೆಸ್ಸು ನೋಡಲು ಬಂದವರು, ಕುದಿಸಿ ಇಳಿಸಿದ ಹುಳಿಯ ಕೊಳದಪ್ಪಲೆಗೆ ನೇರ ಬೆರಳಿಟ್ಟು ನೆಕ್ಕಿದರು. ಸಣ್ಣತಾಯಮ್ಮ ಹಿಂದೆಮುಂದೆ ನೋಡದೆ ಸೌಟಿನಲ್ಲಿ ಆ ಕೈಗೆ ಬಾರಿಸಿದಳು. ಬೆರಳು ಬದನೇಕಾಯಿ ಆಯಿತು. ಸಂಜೆಯೊಳಗೆ ಕೇಸಾಯಿತು: ಕರ್ತವ್ಯದಲ್ಲಿದ್ದ ಅಧಿಕಾರಿಯ ಮೇಲೆ ಹಲ್ಲೆ. ವಿಚಾರಣೆ ಜೂನ್ ಐದು, ಗುರುವಾರ. ನನ್ನ ಪಟ್ಟಿಯ ಪ್ರಕಾರ ಕೊಡಬೇಕಾದ ಮೊಟ್ಟಮೊದಲ ಶಿಕ್ಷೆ.

ಓಡಿ ಹೋಗಿ ಪಟ್ಟಿ ತೆಗೆದು ನೋಡಿದೆ. ನಾನೇ ಬರೆದದ್ದು ನನಗೇ ಮರೆತಿತ್ತು. ಅರವತ್ತು ದಿನ.

ಅರವತ್ತು ದಿನ ಮೆಸ್ಸು ಕಾಯುವುದಿಲ್ಲ. ಪಕ್ಕದ ಊರಿನ ಕಂಟ್ರಾಕ್ಟರ್ ಒಬ್ಬ ಆಗಲೇ ಬಂದು ಪಾತ್ರೆ ಎಣಿಸಿ ಹೋಗಿದ್ದ. ಒಮ್ಮೆ ಅವನು ಒಳಗೆ ಬಂದರೆ ಸಣ್ಣತಾಯಮ್ಮ ಹೊರಗೇ.

"ತಪ್ಪು ಮಾಡಿಲ್ಲ ಅಂತ ಹೇಳಿಬಿಡು, ಕೈ ಜಾರಿತು ಅನ್ನು" ಎಂದೆ. ಶಿಕ್ಷೆಯ ಪ್ರಾಧ್ಯಾಪಕಿ ಹೇಳುವ ಮಾತು ನೋಡಿ!

"ಜಾರಿಲ್ಲ ಮೇಡಮ್ಮೋರೆ, ಗುರಿ ಇಟ್ಟೇ ಹೊಡ್ದೆ" ಎಂದಳು ಅವಳು ಹುಣಸೆಹಣ್ಣು ಕಿವುಚುತ್ತಾ. "ಸುಳ್ಳೇಳಿ ಆಮ್ಯಾಕೆ ಮಕ್ಕಳಿಗೆ ಬಡಿಸೋಕೆ ಆದದಾ? ಕೊಡ್ಲಿ ಬುಡಿ. ನಿಮ್ಮ ಪಟ್ಟಿ ಅಲ್ವಾ, ಸರೀಗೇ ಇರ್ತದೆ."

ಕೊನೆಯ ಮಾತು ನೆಟ್ಟಗೆ ಎದೆಗೆ ಬಂದು ನಾಟಿತು. ಅವಳು ಚುಚ್ಚಿ ಆಡಿದ್ದರೆ ಜಗಳ ಆಡಬಹುದಿತ್ತು. ನಂಬಿ ಆಡಿದ್ದಳು.

ಭಾನುವಾರ ಬೆಳಿಗ್ಗೆ ಅರವತ್ತೇಳು ನೋಟ್‌ಬುಕ್ಕನ್ನೂ ಹಾಲಿನಲ್ಲಿ ಹರಡಿಕೊಂಡು ಕೂತೆ. ಹಿಂದೆ ಯಾವ ಅಡುಗೆಯವರಿಗೆ ಎಷ್ಟು ಸಪ್ಪೆ ಬಿದ್ದಿತ್ತು ಎಂದು ಹುಡುಕಬೇಕಿತ್ತು. ಹಾಗೆ ಹುಡುಕುವಾಗ ಮೊದಲ ಸಲ ಅಂಚುಗಳನ್ನು ಓದಿದೆ. ಮದುವೆ ಅಡುಗೆ ಮಾಡುವ ಒಬ್ಬನಿಗೆ ಎರಡೇ ದಿನ ಕೊಟ್ಟಿದ್ದರು. ಅಂಚಿನಲ್ಲಿ ಪ್ರಶ್ನೆ: ಮುಂದಿನ ಲಗ್ನ ಯಾವತ್ತು? ಉತ್ತರ: ಇನ್ನು ಮೂರು ದಿನಕ್ಕೆ. ಹೊಸದಾಗಿ ಗಂಡನ ಮನೆಗೆ ಬಂದ ಸೊಸೆಗೆ ಅರ್ಧ ದಿನ. ಪ್ರಶ್ನೆ: ಅತ್ತೆಗೆ ನಿನ್ನ ಸಾರು ಹಿಡಿಸಿತೇನಮ್ಮ? ಉತ್ತರ: ಇನ್ನೂ ಇಲ್ಲ. ಪುಟ ಪುಟಕ್ಕೂ ಹೀಗೇ, ಎಲ್ಲದರ ಪಕ್ಕದಲ್ಲೂ ನನ್ನದೇ ಅಕ್ಷರದಲ್ಲಿ 'ಅಸಂಬದ್ಧ, ಅಸಂಬದ್ಧ, ಅಸಂಬದ್ಧ'. ಹಲಸಿನ ಕೇಸಿನ ಪುಟಕ್ಕೆ ಬಂದಾಗ ಮರಿಸ್ವಾಮಿಯ ಉತ್ತರ ಕಾಣಿಸಿತು: "ನಾನು ಒಬ್ನೇ ಕೂತು ಉಣ್ತೀನಿ ಸ್ವಾಮಿ, ನಂಗೆ ಬೇರೆ ಮಡಕೆ."

ಬೇರೆ ಮಡಕೆಯೇ? ಚಪ್ಪಲಿ ಮೆಟ್ಟಿಕೊಂಡು ಹೊರಟೆ. ಮರಿಸ್ವಾಮಿ ಇನ್ನೂ ಬದುಕಿದ್ದ, ಎಂಬತ್ತು ದಾಟಿದ ಮುದುಕ. ನನ್ನ ಪ್ರಶ್ನೆ ಕೇಳಿ ಗಹಗಹಿಸಿ ನಕ್ಕ.

"ಅಯ್ಯೋ ತಾಯಿ, ನಂಗೆ ಆಗ ಬಿ.ಪಿ. ಡಾಕ್ಟ್ರು ಉಪ್ಪು ಮುಟ್ಟಬ್ಯಾಡ ಅಂದಿದ್ರು. ಎಂಡ್ರು ನಂಗೇಂತ ಬೇರೆ ಮಡಕೇಲಿ ಮಾಡೋಳು. ನಾನು ಕದ್ದು ಕದ್ದು ಉಪ್ಪಿನಕಾಯಿ ತಿಂದು ಮೂರು ಸಲ ಆಸ್ಪತ್ರೆ ಸೇರಿದ್ದೆ. ಆ ನಲವತ್ತು ದಿನ ಉಪ್ಪಿನಕಾಯಿ ಬಾಯಿಗಿಟ್ರೂ ಏನೂ ಇಲ್ಲ. ಆಸೇನೇ ಹೊಂಟೋಯ್ತು. ಜಡ್ಜ್ ಸಾಹೇಬ್ರು ನಂಗೆ ಆಯುಸ್ಸು ಕೊಟ್ರು ಕಣವ್ವ."

"ಮತ್ತೆ ಹೊಂಬಯ್ಯನಿಗೆ ಹನ್ನೊಂದೇ ದಿನ ಯಾಕೆ?"

"ಅವನು ಹಪ್ಪಳ ಮಾರೋನಲ್ವಾ? ಹನ್ನೆರಡನೇ ದಿನ ಸಂತೆ ಇತ್ತು."

ಮೂವತ್ನಾಲ್ಕು ವರ್ಷ, ದೇವರೇ! ಆ ಮೂರನೇ ಬೆಂಚಿನ ಮೇಲೆ ಕೂತು ನಾನು ಎಲ್ಲವನ್ನೂ ಬರೆದುಕೊಂಡಿದ್ದೆ, ಬೇಕಾದದ್ದೊಂದನ್ನು ಬಿಟ್ಟು. ನಾಚಿಕೆಯಾಯಿತು. ಆದರೆ ಸುಳ್ಳು ಹೇಳಲಾರೆ, ನಾಚಿಕೆಯ ಜೊತೆಯಲ್ಲೇ ಒಂದು ಖುಷಿಯೂ ಉಕ್ಕಿ ಬಂತು. ಬಿಡಿಸಲಾಗದ ಲೆಕ್ಕ ಕೊನೆಗೂ ಬಿಡಿಸಿಕೊಂಡಾಗ ಆಗುವ ಖುಷಿ. ರಸ್ತೆಯಲ್ಲಿ ಒಬ್ಬಳೇ ನಗುತ್ತಾ ಬಂದೆನಂತೆ. ನೋಡಿದವರು ಪಟ್ಟಿ ಮೇಡಂಗೆ ನಿವೃತ್ತಿ ತಲೆಗೇರಿದೆ ಎಂದರಂತೆ.

ಅಲ್ಲಿಂದ ಸೀದಾ ಭುಜಬಲಯ್ಯನವರ ಮನೆಗೆ ಹೋದೆ. ಅವರು ಜೈನರು, ಹೊತ್ತು ಮುಳುಗುವುದರೊಳಗೆ ಊಟ ಮುಗಿಸುವವರು. ಆಗಲೇ ಊಟಕ್ಕೆ ಕೂತಿದ್ದರು.

"ಇಷ್ಟು ವರ್ಷ ನನಗೆ ಯಾಕೆ ಹೇಳಲಿಲ್ಲ?" ಎಂದು ಹೊಸ್ತಿಲಲ್ಲೇ ಜಗಳ ತೆಗೆದೆ.

"ನೀವು ಕೇಳಲಿಲ್ಲವಲ್ಲ ಇಂದುಮತಿಯವರೇ. ಬರೆದುಕೊಳ್ತಾ ಇದ್ರಿ" ಎಂದರು. ಆಮೇಲೆ ತುತ್ತು ಕೆಳಗಿಟ್ಟು, "ಈಗ ನನ್ನ ಕೈ ಕಟ್ಟಿಹೋಗಿದೆ. ಪಟ್ಟಿ ಏನು ಹೇಳುತ್ತೋ ಅದನ್ನ ಓದಬೇಕು. ಅಕ್ಷರ ಮೀರೋ ಹಾಗಿಲ್ಲ" ಎಂದರು. ಅವರ ಕಣ್ಣಲ್ಲಿ ನೀರಿತ್ತು. ಅವರೂ ಸಣ್ಣತಾಯಮ್ಮನ ಹುಳಿ ಉಂಡು ಪಾಸಾದವರೇ.

ಅಕ್ಷರ ಮೀರುವ ಹಾಗಿಲ್ಲ. ಸರಿ. ನನ್ನ ಅಕ್ಷರವನ್ನು ನನಗಿಂತ ಚೆನ್ನಾಗಿ ಬಲ್ಲವರು ಯಾರಿದ್ದಾರೆ? ಮೂರು ದಿನ ನಾನು ಬರೆದ ಪಟ್ಟಿಯನ್ನು ನನ್ನ ಶತ್ರು ಬರೆದದ್ದು ಎಂದುಕೊಂಡು ಓದಿದೆ. ಬುಧವಾರ ಮಧ್ಯಾಹ್ನ ತೂತು ಸಿಕ್ಕಿತು.

ಗುರುವಾರ ಕೋರ್ಟಿನಲ್ಲಿ ಕಾಲಿಡಲು ಜಾಗವಿಲ್ಲ. ಪಟ್ಟಿಯ ಮೊದಲ ದಿನ ಎಂದು ಪುರಸಭೆಯವರು ನನಗೆ ಹಾರ ತಂದಿದ್ದರು. ಮೆಸ್ಸಿನ ಇನ್ನೂರು ಮಕ್ಕಳೂ ನನ್ನನ್ನು ದುರುಗುಟ್ಟಿ ನೋಡುತ್ತಿದ್ದರು. ಸಣ್ಣತಾಯಮ್ಮ ತಪ್ಪು ಒಪ್ಪಿಕೊಂಡಳು, ಗುರಿ ಇಟ್ಟೇ ಹೊಡೆದೆ ಎಂದೂ ಸೇರಿಸಿದಳು. ಭುಜಬಲಯ್ಯನವರು ಪಟ್ಟಿ ಬಿಡಿಸಿ, "ಅರವತ್ತು ದಿನ" ಎಂದು ಓದಿದರು. ಧ್ವನಿ ಸತ್ತಿತ್ತು. ಪೆನ್ನು ಕೈಗೆತ್ತಿಕೊಂಡರು.

ನಾನು ಎದ್ದು ನಿಂತೆ. "ಸ್ವಾಮಿ, ಕ್ಯಾಪು ಮುಚ್ಚಬೇಡಿ! ಪಟ್ಟಿಯಲ್ಲಿ ಎಷ್ಟು ದಿನ ಅಂತ ಇದೆ. ಯಾವ ಯಾವ ದಿನ ಅಂತ ಇದೆಯಾ, ನೋಡಿ ಹೇಳಿ."

ಸರ್ಕಾರಿ ವಕೀಲರು ಹಾರಿ ನಿಂತರು. "ಏನಿದು ಮೇಡಂ? ಶಿಕ್ಷೆ ಅಂದ್ರೆ ಒಂದರ ಹಿಂದೆ ಒಂದು ದಿನ ಬರಬೇಕು. ಅಷ್ಟೂ ಗೊತ್ತಾಗಲ್ವಾ ಪಟ್ಟಿ ಬರೆದವರಿಗೆ?"

"ಗೊತ್ತಾಗಲಿಲ್ಲ ಕಣಯ್ಯ" ಎಂದೆ. "ಬರೆದವಳು ನಾನೇ. ಅದನ್ನ ಬರೆಯೋಕೆ ಮರೆತೆ. ಇನ್ನೂ ಎಷ್ಟೋ ಮರೆತಿದ್ದೀನಿ. ಜಡ್ಜ್ ಸಾಹೇಬರೇ, ಪಟ್ಟಿ ಪಕ್ಕಕ್ಕಿಡಿ. ಪಟ್ಟಿ ಬರೋಕೆ ಮುಂಚೆ ನೀವು ಕೇಳ್ತಿದ್ರಲ್ಲ, ಆ ಅಸಂಬದ್ಧ ಪ್ರಶ್ನೆ, ಅದನ್ನ ಕೇಳಿ."

ಭುಜಬಲಯ್ಯನವರು ಪಟ್ಟಿ ಮಡಚಿ ಪಕ್ಕಕ್ಕಿಟ್ಟರು. ಆಮೇಲೆ ಅವರ ಮುಖದಲ್ಲಿ ಕಾಲೇಜಿನಲ್ಲಿ ನನ್ನ ನೋಟ್ಸು ಓದುತ್ತಿದ್ದ ಆ ತುಂಟ ಹುಡುಗ ಕಾಣಿಸಿಕೊಂಡ. ಮುಂದಕ್ಕೆ ಬಾಗಿ ಕೇಳಿದರು:

"ತಾಯಮ್ಮ, ನಿಮ್ಮ ಮೆಸ್ಸಿಗೆ ರಜ ಯಾವತ್ತು?"

"ಸೋಮವಾರ ಬುದ್ಧಿ. ಒಲೆ ಸಾರಿಸೋ ದಿನ."

ಕೋರ್ಟಿನಲ್ಲಿ ಗುಜುಗುಜು ಶುರುವಾಯಿತು. ವಕೀಲರು, ಪೆಟ್ಟು ತಿಂದವರ ಗತಿ ಏನು, ಅವರಿಗೆ ನ್ಯಾಯ ಬೇಡವೇ ಎಂದು ಕೂಗಾಡಿದರು. ಆಗ ಬೆರಳಿಗೆ ದೊಡ್ಡ ಬ್ಯಾಂಡೇಜು ಸುತ್ತಿಕೊಂಡ ಗುಂಡಪ್ಪಾಜಿಯವರೇ ಎದ್ದು ನಿಂತರು.

"ನನಗೆ ಇಲ್ಲಿ ಮನೆಯಿಲ್ಲ, ಮೆಸ್ಸಲ್ಲೇ ಊಟ. ಇವರನ್ನ ತೆಗೆದು ಆ ಕಂಟ್ರಾಕ್ಟರ್ ಅಡುಗೆ ತಿನ್ನಿಸಿದರೆ ಶಿಕ್ಷೆ ಯಾರಿಗೆ ಸ್ವಾಮಿ? ಸೋಮವಾರಾನೇ ಇರಲಿ" ಎಂದು, ತಲೆ ತಗ್ಗಿಸಿ, "ಬೆರಳು ಇಟ್ಟಿದ್ದು ನನ್ನದೂ ತಪ್ಪೇ. ಹುಳಿ ಮಾತ್ರ... ಏನು ಹೇಳಲಿ" ಎಂದರು. ಇಡೀ ಕೋರ್ಟು ಬಿದ್ದು ಬಿದ್ದು ನಕ್ಕಿತು.

"ಅರವತ್ತು ಸೋಮವಾರ" ಎಂದರು ಭುಜಬಲಯ್ಯನವರು. ಕ್ಯಾಪು ಟಕ್ಕೆಂದು ಮುಚ್ಚಿತು.

ಆದರೆ ಬಿಡಿ ಬಿಡಿ ದಿನದ ಸಪ್ಪೆಯನ್ನು ಅದುವರೆಗೆ ಯಾರೂ ಕೊಟ್ಟಿರಲಿಲ್ಲ. ನಾಲಗೆ ಒಪ್ಪುತ್ತದೋ ಇಲ್ಲವೋ ಯಾರಿಗೆ ಗೊತ್ತು? ಅಮೀನ ನೆಲ್ಲಿಕಾಯಿ ಕೊಟ್ಟ. ಉಪ್ಪು ಇದೆ ಎಂದಳು ಸಣ್ಣತಾಯಮ್ಮ. ಗುರುವಾರವಲ್ಲವೇ, ಇರಲೇಬೇಕು. ಸೋಮವಾರ ಉಪ್ಪಿನ ರುಚಿ ಹೋಗದಿದ್ದರೆ ಶಿಕ್ಷೆ ಕೊಟ್ಟಂತೆಯೇ ಅಲ್ಲ, ಮತ್ತೆ ಹೊಸದಾಗಿ ಒಟ್ಟಿಗೆ ಅರವತ್ತು ಎಂದು ವಕೀಲರು ಬೆದರಿಸಿ ಹೋದರು.

ಸೋಮವಾರ ಸೂರ್ಯ ಹುಟ್ಟುವ ಹೊತ್ತಿಗೆ ಅವಳ ಮನೆ ಮುಂದೆ ಜಾತ್ರೆ. ಇನ್ನೂರು ಮಕ್ಕಳು, ಜಡ್ಜು, ಇನ್‌ಸ್ಪೆಕ್ಟರು, ಬಟ್ಟಲು ಹಿಡಿದ ಅಮೀನ. ಸಣ್ಣತಾಯಮ್ಮ ಕಣ್ಣು ಮುಚ್ಚಿ ನೆಲ್ಲಿಕಾಯಿ ಚೂರು ಬಾಯಿಗೆ ಹಾಕಿಕೊಂಡಳು. ಅಗಿದಳು. ಇನ್ನೊಂದು ಹಾಕಿಕೊಂಡಳು.

"ಹೋಯ್ತಾ?" ಎಂದ ಅಮೀನ.

"ಹೋಯ್ತು ಕಣಪ್ಪೋ! ಶುದ್ಧವಾಗಿ ಹೋಯ್ತು!"

ಊರಿಗೆ ಊರೇ ಹೋ ಎಂದಿತು. ರುಚಿ ಹೋದದ್ದಕ್ಕೆ ಜನ ಕುಣಿದದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಮಂಗಳವಾರ ಬೆಳಿಗ್ಗೆ ಉಪ್ಪು ಮರಳಿ ಬಂತು, ಮಧ್ಯಾಹ್ನ ಮೆಸ್ಸಿನಲ್ಲಿ ನುಗ್ಗೆಕಾಯಿ ಹುಳಿ. ಕಂಟ್ರಾಕ್ಟರ್ ಊಟ ಮಾಡಿಕೊಂಡು ತನ್ನ ಊರಿಗೆ ಹೋದ.

ಆ ಮೊದಲ ಸೋಮವಾರವೇ ನನಗೆ ನಾನೇ ಒಂದು ಶಿಕ್ಷೆ ಕೊಟ್ಟುಕೊಂಡೆ. ಅರವತ್ತು ಸೋಮವಾರವೂ ಸಣ್ಣತಾಯಮ್ಮನ ಮನೆಗೆ ಹೋಗಿ ಅವಳಿಗೆ ನಾನು ಅಡುಗೆ ಮಾಡಿ ಹಾಕುವುದು. ಅವಳಿಗೂ ಶಿಕ್ಷೆ, ನನಗೂ ಶಿಕ್ಷೆ, ಅವಳ ಪಾತ್ರೆಗಳಿಗಂತೂ ಹೇಳುವುದೇ ಬೇಡ. ಅವಳು ಮಣೆಯ ಮೇಲೆ ಕೂತು, "ಅದು ಸಾಸಿವೆ ಅಲ್ಲ ಮೇಡಮ್ಮೋರೆ, ರಾಗಿ" ಎಂದು ಹೇಳಿಕೊಡುವಳು. ಉಪ್ಪೊಂದನ್ನು ಮಾತ್ರ ಅವಳು ಹೇಳುವಂತಿರಲಿಲ್ಲ, ಅಂದಾಜಿನ ಮೇಲೆ ನಾನೇ ಹಾಕುತ್ತಿದ್ದೆ. ಏನು ಮಾಡಿದರೂ "ಚಂದಾಗದೆ" ಎಂದು ಉಣ್ಣುವಳು. ಉಪ್ಪು ಕಾಣದ ನಾಲಗೆಯ ಹೊಗಳಿಕೆ ಎಂದು ಗೊತ್ತಿದ್ದರೂ ನಾನು ಹಿಗ್ಗುತ್ತಿದ್ದೆ. ಅಷ್ಟರಲ್ಲಿ ಪುರಸಭೆ ನನ್ನ ಪಟ್ಟಿಯನ್ನು ತಿದ್ದಲು ಒಪ್ಪಿತು. ಈಗ ಅದರ ಬಲಗಡೆ ದಿನದ ಜಾಗ ಖಾಲಿ ಇದೆ, ಅದರ ಪಕ್ಕದಲ್ಲಿ ಅಗಲವಾದ ಅಂಚೊಂದಿದೆ. ಪ್ರಶ್ನೆ ಕೇಳಿ ಉತ್ತರವನ್ನು ಅಲ್ಲಿ ಬರೆಯದೆ ಯಾವ ಜಡ್ಜೂ ಕ್ಯಾಪು ಮುಚ್ಚುವಂತಿಲ್ಲ.

ಅರವತ್ತೊಂದನೆಯ ಸೋಮವಾರ ಅವಳ ನಾಲಗೆಗೆ ಪೂರ್ತಿ ಬಿಡುಗಡೆ. ಮಾವಿನಕಾಯಿ ಹೋಳಿನ ಶಾಸ್ತ್ರ ಬೆಳಿಗ್ಗೆಯೇ ಮುಗಿಯಿತು. ಆದರೆ ಊಟ ನನ್ನದೇ ಎಂದು ನಾನು ಹಟ ಹಿಡಿದೆ. ಒಂದು ವರ್ಷದ ವಿದ್ಯೆ ಪರೀಕ್ಷೆಯಾಗಲಿ! ನುಗ್ಗೆಕಾಯಿ ಹುಳಿಯನ್ನೇ ಮಾಡಿದೆ. ಭುಜಬಲಯ್ಯನವರೂ ಗುಂಡಪ್ಪಾಜಿಯವರೂ ಎಲೆ ಮುಂದೆ ಕೂತರು. ಬಡಿಸಿ ಆದ ಮೇಲೆ ನನಗೆ ಅನುಮಾನ ಬಂತು. ಉಪ್ಪು ಹಾಕಿದ್ದು ಒಗ್ಗರಣೆಗೆ ಮುಂಚೆಯೋ, ಆಮೇಲೆಯೋ? ಎರಡು ಸಲವೂ ಹಾಕಿದ್ದೆ. ಹೇಳಲು ಬಾಯಿ ತೆರೆಯುವುದರೊಳಗೆ ಸಣ್ಣತಾಯಮ್ಮ ಮೊದಲ ತುತ್ತು ಬಾಯಿಗಿಟ್ಟಿದ್ದಳು.

ಅವಳ ದವಡೆ ನಿಂತುಹೋಯಿತು. ಗಂಡಸರಿಬ್ಬರೂ ಎತ್ತಿದ ಕೈ ಹಾಗೇ ಹಿಡಿದು ಅವಳ ಮುಖ ನೋಡಿದರು. ಊರಲ್ಲಿ ಉಪ್ಪಿನ ವಿಷಯದಲ್ಲಿ ಅವಳಿಗಿಂತ ದೊಡ್ಡ ಜಡ್ಜಿಲ್ಲ. ನಾನು ಸೌಟು ಹಿಡಿದುಕೊಂಡು ಕಟಕಟೆಯಲ್ಲಿ ನಿಂತವಳ ಹಾಗೆ ನಿಂತಿದ್ದೆ.

ಅವಳು ನುಂಗಿದಳು. ಒಂದು ಲೋಟ ನೀರು ಕುಡಿದಳು. ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿ ಕೇಳಿದಳು:

"ಮೇಡಮ್ಮೋರೆ, ಎಷ್ಟೊತ್ತಿಗೆ ಎದ್ರಿ ಇವತ್ತು?"

"ಐದಕ್ಕೆ."

"ತಿಂಡಿ ತಿಂದ್ರಾ?"

"ಇಲ್ಲ. ಹುಳಿ ಕೆಡುತ್ತೇನೋ ಅಂತ ಒಲೆ ಮುಂದೆಯೇ ಇದ್ದೆ."

ಅವಳು ಇನ್ನೊಂದು ಲೋಟ ನೀರು ಕುಡಿದಳು. ಆಮೇಲೆ ಎಲೆಯನ್ನು ನನ್ನ ಕಡೆಗೆ ಸರಿಸಿ, "ಇನ್ನೊಂದು ಸೌಟು ಹಾಕಿ" ಎಂದಳು.